ಮೆಷಿನ್ ಕೆಲಸವೋ, ಇನ್‌ಸ್ಪೆಕ್ಷನ್ ಮೇಜೋ? ಅನುಭವಸ್ಥರ ಸಲಹೆ ಬೇಕಾಗಿದೆ

ಕೇಳಿದವರು: ಟೂಲ್ ಅಂಡ್ ಡೈ ವಿದ್ಯಾರ್ಥಿನಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಉಪಕರಣ ಮತ್ತು ಅಚ್ಚು ತಯಾರಿಕೆಯ, ಡಿಪ್ಲೊಮಾದಲ್ಲಿ ಮೂರು ವರ್ಷಗಳ ಓದು ಮುಗಿಸಿ, ಕೊನೆಯ ಒಂದು ವರ್ಷದ ಕಾರ್ಖಾನೆ ತರಬೇತಿಯಲ್ಲಿದ್ದೇನೆ. ಈಗ ಎರಡು ಕೆಲಸಗಳು ಬಂದಿವೆ. ಒಂದು, ಪೀಣ್ಯದಲ್ಲಿ ಸುಮಾರು 60 ಜನರಿರುವ ಟೂಲ್‌ರೂಮಿನಲ್ಲಿ ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಮೆಷಿನ್) ಆಪರೇಟರ್ ಕೆಲಸ. ಅಲ್ಲಿ ಪಾಳಿಗಳು ಬದಲಾಗುತ್ತಿರುತ್ತವೆ, ಮೆಷಿನ್ ಮೇಲೆ ಇದುವರೆಗೆ ಒಬ್ಬ ಹೆಂಗಸೂ ನಿಂತಿಲ್ಲ. ಇನ್ನೊಂದು, ದೊಡ್ಡ ಕಂಪನಿಯೊಂದರಲ್ಲಿ ತಯಾರಾದ ಭಾಗಗಳ ಅಳತೆ ಪರೀಕ್ಷಿಸುವ ಇನ್‌ಸ್ಪೆಕ್ಷನ್ ವಿಭಾಗ. ಹಗಲು ಪಾಳಿ, ಎ.ಸಿ. ಕೋಣೆ, ಸಂಬಳ ತಿಂಗಳಿಗೆ ಎರಡು ಸಾವಿರ ಹೆಚ್ಚು. ಆದರೆ ನೇಮಕ ಗುತ್ತಿಗೆದಾರರ ಮೂಲಕ. ಎರಡನೆಯದೇ ಮರ್ಯಾದೆಯ ಕೆಲಸವೆಂದು ಅಪ್ಪ ಹೇಳುತ್ತಾರೆ. ನನಗೆ ಮೆಷಿನ್ ಇಷ್ಟ, ಆದರೆ ಮದುವೆಯ ಮಾತೂ ಮನೆಯಲ್ಲಿ ಆರಂಭವಾಗಿದೆ. ಈ ದಾರಿಯಲ್ಲಿ ಮುಂದೆ ಹೋದ ಅಕ್ಕಂದಿರು ದಯವಿಟ್ಟು ತಿಳಿಸಬೇಕು.

ಉತ್ತರ: ಟೂಲ್‌ರೂಮ್ ಉಸ್ತುವಾರಿ, ಬೆಂಗಳೂರು, 17 ವರ್ಷಗಳ ಅನುಭವ

ತಂಗಿ, ನಿನ್ನ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡು. ಮೆಷಿನ್ ಕೆಲಸಕ್ಕೆಂದು ಕರೆದವರು ನಿಜವಾಗಿಯೂ ಮೆಷಿನ್ ಕಲಿಸುತ್ತಾರೆಯೇ ಎಂಬುದನ್ನು ನೀನು ಮೊದಲು ತಿಳಿದುಕೊಳ್ಳಬೇಕು. ನನ್ನನ್ನೂ ಆಪರೇಟರ್ ಎಂದೇ ತೆಗೆದುಕೊಂಡಿದ್ದರು. ಆದರೆ ಮೊದಲ ಎರಡು ವರ್ಷ ನಾನು ಮಾಡಿದ್ದು ಜಾಬಿನ (ಕೊರೆಯುವ ಲೋಹದ ತುಂಡಿನ) ಅಂಚಿನಲ್ಲಿ ಉಳಿದ ಚೂಪು ಬರ್ ತೆಗೆಯುವುದು, ವರ್ನಿಯರ್ ಹಿಡಿದು ಅಳೆಯುವುದು, ಸೆಟ್ಟರ್ ಸಿದ್ಧಮಾಡಿಟ್ಟ ಮೆಷಿನ್ನಿಗೆ ಜಾಬ್ ಏರಿಸಿ ಹಸಿರು ಗುಂಡಿ ಒತ್ತುವುದು, ಇಷ್ಟೇ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. "ಹೆಣ್ಣುಮಗಳು, ಕೂಲೆಂಟಿನಲ್ಲಿ ಕೈ ಯಾಕೆ ಹಾಳುಮಾಡಿಕೊಳ್ಳಬೇಕು" ಎಂದು ನಮ್ಮ ಫೋರ್‌ಮನ್ ಮನಸ್ಸಿನಿಂದಲೇ ಹೇಳುತ್ತಿದ್ದರು. ಬೈಗುಳವಾಗಿದ್ದರೆ ಎದುರು ಮಾತಾಡಬಹುದಿತ್ತು, ಆ ಅಕ್ಕರೆಗೆ ಏನು ಹೇಳುವುದೆಂದು ನನಗೆ ಬಹಳ ಕಾಲ ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ಜೊತೆ ಸೇರಿದ ಹುಡುಗರು ಸೆಟ್ಟರ್ ಆಗಿದ್ದರು.

ಟೂಲ್‌ರೂಮಿನಲ್ಲಿ ಬೆಲೆ ಇರುವುದು ಸೆಟ್ಟಿಂಗಿಗೆ, ಅಂದರೆ ಹೊಸ ಜಾಬಿಗೆ ಮೆಷಿನ್ ಸಿದ್ಧಮಾಡುವುದಕ್ಕೆ. ಜಾಬ್ ಬಿಗಿಯುವ ವೈಸನ್ನು ಡಯಲ್ ಇಟ್ಟು ನೇರ ಮಾಡುವುದು, ಎಡ್ಜ್ ಫೈಂಡರಿನಿಂದ ಜಾಬಿನ ಸೊನ್ನೆ ಹಿಡಿದು ಜಿ54ರಲ್ಲಿ (ಮೆಷಿನ್ ಆ ಸೊನ್ನೆಯನ್ನು ನೆನಪಿಡುವ ಜಾಗದಲ್ಲಿ) ಬರೆಯುವುದು, ಪ್ರತಿ ಟೂಲಿನ ಉದ್ದದ ಲೆಕ್ಕವನ್ನು (ಆಫ್‌ಸೆಟ್) ಮೆಷಿನ್ನಿಗೆ ಕೊಡುವುದು, ಮೊದಲ ತುಂಡನ್ನು ಸಿಂಗಲ್ ಬ್ಲಾಕಿನಲ್ಲಿ (ಪ್ರೋಗ್ರಾಮಿನ ಒಂದೊಂದೇ ಸಾಲಾಗಿ) ಉಸಿರು ಬಿಗಿಹಿಡಿದು ಓಡಿಸುವುದು: ಇವನ್ನು ಕಲಿತವಳನ್ನು ಯಾವ ಮಾಲೀಕರೂ ಸುಲಭವಾಗಿ ಬಿಡುವುದಿಲ್ಲ. ನಾನು ಊಟದ ಹೊತ್ತಿನಲ್ಲಿ ಹಿರಿಯ ಸೆಟ್ಟರೊಬ್ಬರ ಪಕ್ಕ ನಿಂತು ಕಲಿತೆ. ಒಮ್ಮೆ ಆಫ್‌ಸೆಟ್ ತಪ್ಪಾಗಿ ಕೊಟ್ಟು ಕಟ್ಟರನ್ನು ವೈಸಿಗೆ ಹೊಡೆಸಿದೆ. ಅದೇ ತಿಂಗಳು ಇಬ್ಬರು ಹುಡುಗರೂ ಹೊಡೆಸಿದ್ದರು. ಅವರದು ಒಂದು ವಾರದಲ್ಲಿ ಮರೆತುಹೋಯಿತು, ನನ್ನದನ್ನು ಎರಡು ವರ್ಷ ಹೇಳಿದರು. ಹೀಗಾಗುತ್ತದೆ ಎಂದು ತಿಳಿದೇ ಹೋಗು, ಮತ್ತು ಹೊಡೆಸಿದ ಮರುದಿನವೇ ಅದೇ ಮೆಷಿನ್ ಕೇಳು.

ಇನ್ನೊಂದು ವಿಷಯ, ಯಾರೂ ಮೊದಲೇ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ತಿರುಗುವ ಸ್ಪಿಂಡಲ್ ಹತ್ತಿರ ಬಳೆ, ದುಪಟ್ಟಾ, ಜಾರಿಬಿದ್ದ ಜಡೆ, ಕತ್ತಿನ ಸರ ಯಾವುದೂ ಇರಕೂಡದು. ಮದುವೆಯಾದ ಮೇಲೆ ತಾಳಿಯನ್ನು ಕೋಟಿನೊಳಗೆ ಪಿನ್ ಹಾಕಿ ನಿಲ್ಲುತ್ತಿದ್ದೆ, ನಂತರ ಮನೆಯಲ್ಲೇ ಬಿಚ್ಚಿಟ್ಟು ಬರತೊಡಗಿದೆ. ಅತ್ತೆಯವರು ಒಂದು ತಿಂಗಳು ಮಾತು ಬಿಟ್ಟರು. ಆಯುಧಪೂಜೆಗೆ ಕರೆದುಕೊಂಡು ಬಂದು ಮೆಷಿನ್ ಓಡುವುದನ್ನು ತೋರಿಸಿದ ಮೇಲೆ, ಅವರೇ ಬೆಳಿಗ್ಗೆ "ಬಿಚ್ಚಿಟ್ಟೆಯಾ" ಎಂದು ಕೇಳತೊಡಗಿದರು.

ಉತ್ತರ: ಸಿಎಂಎಂ (ಭಾಗಗಳನ್ನು ನಿಖರವಾಗಿ ಅಳೆಯುವ ಯಂತ್ರ) ಪ್ರೋಗ್ರಾಮರ್, 11 ವರ್ಷಗಳ ಅನುಭವ

ಮೇಲಿನ ಅಕ್ಕನವರ ಮಾತನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನವಾಗಿ ಹೇಳಬಯಸುತ್ತೇನೆ. ಇನ್‌ಸ್ಪೆಕ್ಷನ್ ಎಂದರೆ ಮೂಲೆಗೆ ಕೂರಿಸುವ ಕೆಲಸವೇ ಆಗಬೇಕಿಲ್ಲ. ಮೈಕ್ರೋಮೀಟರ್ ಹಿಡಿದು ದಿನಕ್ಕೆ ನಾನೂರು ಪಿನ್ ಅಳೆಯುವ ಮೇಜು ಬೇರೆ. ಡ್ರಾಯಿಂಗಿನ ಜಿಡಿ ಅಂಡ್ ಟಿ (ಆಕಾರ, ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆಂಬ ಗುರುತುಗಳು) ಓದಿ ಸಿಎಂಎಂಗೆ ಪ್ರೋಗ್ರಾಂ ಬರೆಯುವ, ರಿಜೆಕ್ಷನ್ ಎಲ್ಲಿಂದ ಹುಟ್ಟಿತೆಂದು ಶಾಪ್‌ಫ್ಲೋರಿಗೇ ಹೋಗಿ ವಾದಿಸುವ, ಗ್ರಾಹಕರ ಆಡಿಟ್‌ಗೆ ಎದುರು ಕೂರುವ ಕೆಲಸ ಬೇರೆ. ಅಲ್ಲಿ ಯಾವುದನ್ನು ಕೊಡುತ್ತಾರೆಂದು ಕೇಳಿ.

ಆದರೆ ಗುತ್ತಿಗೆಯ ನೇಮಕದ ಬಗ್ಗೆ ನನಗೆ ಭಯವಿದೆ. ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಉದ್ಯೋಗದಾತರಲ್ಲಿ ಕೆಲಸ ಮಾಡಿರಬೇಕು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ರಜೆ 26 ವಾರ. ನಾನು ಮೊದಲು ಕೆಲಸ ಮಾಡಿದ ಕಂಪನಿಯಲ್ಲಿ ನಾನು ಐದು ತಿಂಗಳ ಗರ್ಭಿಣಿಯಾಗಿದ್ದಾಗ ಗುತ್ತಿಗೆದಾರರು ಬದಲಾದರು, ಹೊಸಬರ ದಾಖಲೆಯಲ್ಲಿ ನಾನು ನಿನ್ನೆ ಬಂದವಳು. ಅದೇ ಮೇಜು, ಅದೇ ಕುರ್ಚಿ! ಹಣಕ್ಕಾಗಿ ಎಂಟು ತಿಂಗಳು ಅಲೆದೆ, ಅರ್ಧ ಸಿಕ್ಕಿತು. ಎರಡು ಸಾವಿರ ಹೆಚ್ಚಿನ ಸಂಬಳವನ್ನು ಇದರ ಜೊತೆಗಿಟ್ಟು ತೂಗಿ.

ಉತ್ತರ: ನಿವೃತ್ತ ಸುರಕ್ಷತಾ ಅಧಿಕಾರಿ

ಅಮ್ಮಾ, ಪಾಳಿಯ ವಿಷಯವನ್ನು ಸೇರುವ ಮೊದಲೇ ಬಗೆಹರಿಸಿಕೊಳ್ಳಿ. 1948ರ ಕಾರ್ಖಾನೆ ಕಾಯ್ದೆಯ 66ನೆಯ ಸೆಕ್ಷನ್ ಮಹಿಳೆಯರ ಕೆಲಸವನ್ನು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಸೀಮಿತಗೊಳಿಸಿತ್ತು. ಕರ್ನಾಟಕದಲ್ಲಿ 2023ರ ತಿದ್ದುಪಡಿಯಿಂದ ರಾತ್ರಿ ಪಾಳಿಗೆ ದಾರಿಯಾಯಿತು; ಆದರೆ ಮಹಿಳೆಯ ಲಿಖಿತ ಒಪ್ಪಿಗೆ, ಸಾರಿಗೆ ವ್ಯವಸ್ಥೆ ಮುಂತಾದ ಷರತ್ತುಗಳೊಂದಿಗೆ. ಜನರು ಮರೆಯುವುದೇನೆಂದರೆ, ಮಧ್ಯಾಹ್ನ 2ರಿಂದ ರಾತ್ರಿ 10ರ ಎರಡನೆಯ ಪಾಳಿಯೂ 7 ಗಂಟೆಯನ್ನು ದಾಟುತ್ತದೆ. ಅರವತ್ತು ಜನರ ಘಟಕ ಒಬ್ಬ ಹೆಣ್ಣುಮಗಳಿಗಾಗಿ ವಾಹನ ಬಿಡುತ್ತದೆಯೇ? ಬಿಡದೆ ನಿಮ್ಮನ್ನು ಬರೀ ಹಗಲು ಪಾಳಿಗೆ ಇಟ್ಟರೆ, ಮೂರೂ ಪಾಳಿ ನೋಡಿದವರೇ ಫೋರ್‌ಮನ್ ಆಗುವ ಕಡೆ ನೀವು ಹಿಂದೆ ಉಳಿಯುತ್ತೀರಿ. ಇದಕ್ಕೆ ನನ್ನ ಬಳಿ ಸುಲಭ ಉತ್ತರವಿಲ್ಲ. ಹಸಿರು ಮಾರ್ಗದ ಮೆಟ್ರೋ ಈಗ ಪೀಣ್ಯವನ್ನು ಹಾದು ಮಾದಾವರದವರೆಗೆ ಇರುವುದರಿಂದ ರೈಲಿನ ಚಿಂತೆ ಕಡಿಮೆ, ನಿಲ್ದಾಣದಿಂದ ಘಟಕದವರೆಗಿನ ಕತ್ತಲ ರಸ್ತೆಯದೇ ಚಿಂತೆ. ಅದನ್ನು ರಾತ್ರಿ ಹೊತ್ತು ಒಮ್ಮೆ ನೋಡಿಬನ್ನಿ.

ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಇರಲೇಬೇಕು, ಅಧ್ಯಕ್ಷರು ಮಹಿಳೆಯೇ ಆಗಿರಬೇಕು. ಅಧ್ಯಕ್ಷರು ಯಾರೆಂದು ಕೇಳಿ. ಉತ್ತರ ತಡವರಿಸಿದರೆ ನಿಮಗೇ ಅರ್ಥವಾಗುತ್ತದೆ. ಐವತ್ತು ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರವೂ ಕಾನೂನಿನಲ್ಲಿದೆ, ನೀವು ಹೇಳಿದ ಘಟಕಕ್ಕೂ ಅದು ಅನ್ವಯಿಸುತ್ತದೆ.

ಉತ್ತರ: ನಿವೃತ್ತ ಕಾರ್ಮಿಕ ಮಹಿಳೆ

ನಾನು ಬೆಂಗಳೂರಿನ ಕಾರ್ಖಾನೆಯೊಂದರ ಜೋಡಣೆ ವಿಭಾಗಕ್ಕೆ 1978ರಲ್ಲಿ ಸೇರಿದವಳು. ಹೆಂಗಸರ ಬೆರಳು ನಯ ಎಂದು ಹೊಗಳಿ ಹೊಗಳಿಯೇ ನಮ್ಮನ್ನು ಮೂವತ್ತು ವರ್ಷ ಅದೇ ಸ್ಟೂಲಿನ ಮೇಲೆ ಕೂರಿಸಿದರು. ಬೆರಳು ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ಎದ್ದು ಬೇರೆ ಕೆಲಸ ಕೇಳು ಮಗಳೇ.

ಕೇಳಿದವರು ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಪೀಣ್ಯದ ಮಾಲೀಕರಿಗೆ ಫೋನ್ ಮಾಡಿ, ಸೆಟ್ಟಿಂಗ್ ಯಾವಾಗ ಕೈಗೆ ಕೊಡುತ್ತೀರಿ ಎಂದು ಕೇಳಿದೆ. ಆರು ತಿಂಗಳು ಎಂದರು, ನೇಮಕದ ಪತ್ರದಲ್ಲಿ ಬರೆದುಕೊಡಿ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ನೇಮಕ ಕಂಪನಿಯ ಹೆಸರಿನಲ್ಲೇ, ಪಿಎಫ್ ಮತ್ತು ಇಎಸ್‌ಐ ಇವೆ. ಸಮಿತಿಯ ಅಧ್ಯಕ್ಷರು ಲೆಕ್ಕಪತ್ರ ವಿಭಾಗದ ಮೇಡಂ ಎಂದು ತಡವರಿಸದೆ ಹೇಳಿದರು. ವಾಹನದ ಪ್ರಶ್ನೆಗೆ ಮಾತ್ರ "ನೋಡೋಣ" ಎಂದಷ್ಟೇ ಉತ್ತರ ಬಂದಿದೆ. ಶನಿವಾರ ರಾತ್ರಿ ಹತ್ತಕ್ಕೆ ನಿಲ್ದಾಣದಿಂದ ಆ ರಸ್ತೆಯಲ್ಲಿ ನಡೆದು ನೋಡಲು ಅಪ್ಪ ನನ್ನ ಜೊತೆ ಬರುತ್ತಾರೆ. ಅದನ್ನು ನೋಡಿದ ಮೇಲೆ ತೀರ್ಮಾನ. ಒಂದು ಸಣ್ಣ ಪ್ರಶ್ನೆ ಉಳಿದಿದೆ: ಅವರ ಸ್ಟೋರಿನಲ್ಲಿ ಸೇಫ್ಟಿ ಶೂ ಆರನೆಯ ಸೈಜಿನಿಂದ ಆರಂಭವಾಗುತ್ತದೆ, ನನ್ನದು ನಾಲ್ಕು.

ಉತ್ತರ: ಟೂಲ್‌ರೂಮ್ ಉಸ್ತುವಾರಿ

ಎರಡು ಜೊತೆ ಸಾಕ್ಸ್ ಹಾಕಿಕೋ ಎನ್ನುತ್ತಾರೆ, ಒಪ್ಪಬೇಡ. ಹೆಂಗಸರ ಅಳತೆಯ ಶೂಗಳು ಈಗ ತಯಾರಾಗುತ್ತವೆ. ಸ್ಟೋರಿನವರಿಗೆ ಲಿಖಿತ ಬೇಡಿಕೆ ಕೊಟ್ಟು ತರಿಸಿಕೋ.