ಅಮ್ಮನ ಹಿಮ್ಮಡಿಯ ಗಂಟು: ರಿಪೋರ್ಟಲ್ಲಿ ‘ಎಕ್ರೈನ್ ಪೊರೊಕಾರ್ಸಿನೋಮ’ ಅಂತ ಬಂದಿದೆ, ಮುಂದೇನು?

ಕೋಣಂದೂರು ಕಡೆಯವ:
ಅಮ್ಮನಿಗೆ 68. ಎಡಗಾಲ ಹಿಮ್ಮಡಿ ಪಕ್ಕ ನಾಲ್ಕೈದು ವರ್ಷದಿಂದ ಕಡಲೆಕಾಳಷ್ಟು ಕೆಂಪು ಗಂಟು ಇತ್ತು. ನೋವಿಲ್ಲ, ತುರಿಕೆ ಇಲ್ಲ. ಆಣಿ ಅಂದುಕೊಂಡ್ವಿ. ತೋಟಕ್ಕೆ ಬರಿಗಾಲಲ್ಲೇ ಹೋಗ್ತಾರೆ. ಹೋದ ವರ್ಷ ಮಳೆಗಾಲದಲ್ಲಿ ರಕ್ತ ಒಸರಿದಾಗ ಉಂಬಳ ಕಚ್ಚಿದ್ದು ಅಂತ ಸುಣ್ಣ ಹಚ್ಚಿಕೊಂಡ್ರು. ಉಂಬಳ ಕಚ್ಚಿದ್ದಾದ್ರೆ ಒಂದು ದಿನಕ್ಕೆ ನಿಲ್ಲುತ್ತೆ. ಇದು ಬಾಗಿಲ ಗೋಣಿತಾಟಿನ ಮೇಲೆ ದಿನಾ ಬೆಳಿಗ್ಗೆ ಕಲೆ ಬಿಡ್ತಿತ್ತು. ಆ ಕಲೆ ನೋಡಿಯೇ ನನಗೆ ಅನುಮಾನ ಬಂದದ್ದು.

ದೀಪಾವಳಿ ಹೊತ್ತಿಗೆ ಹತ್ತಿರದ ಒಂದು ಕ್ಲಿನಿಕ್ಕಲ್ಲಿ ತೆಗೆಸಿದ್ವಿ. ತೆಗೆದ ಚೂರನ್ನ ಪರೀಕ್ಷೆಗೆ ಕಳಿಸದೆ ಕಸಕ್ಕೆ ಹಾಕಿದ್ರು. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ, ಈಗ ಹೊಟ್ಟೆ ಉರಿಯುತ್ತೆ. ಆರು ತಿಂಗಳಿಗೆ ಅದೇ ಜಾಗದಲ್ಲಿ ಗೋಟಡಿಕೆ ಗಾತ್ರಕ್ಕೆ ಮತ್ತೆ ಬಂತು. ಈ ಸಲ ಶಿವಮೊಗ್ಗದಲ್ಲಿ ತೆಗೆದು ಬಯಾಪ್ಸಿಗೆ ಕಳಿಸಿದ್ರು. ಬೆವರು ಗ್ರಂಥಿಯ ಕ್ಯಾನ್ಸರ್, ಆಳ 5 ಮಿ.ಮೀ., ತಳದ ಅಂಚಲ್ಲಿ ಇನ್ನೂ ಉಳಿದಿದೆಯಂತೆ. ಅಮ್ಮ ಕೇಳ್ತಿರೋದು ಒಂದೇ: ಕಾಲು ತೆಗೀತಾರಾ?

ಸ್ಲೈಡ್ ನೋಡುವವಳು:
ನಾನು ಪೆಥಾಲಜಿಯವಳು, ತೆಗೆದ ಚೂರನ್ನ ಮೈಕ್ರೋಸ್ಕೋಪಲ್ಲಿ ನೋಡಿ ಕಾಯಿಲೆ ಯಾವುದು ಅಂತ ಹೇಳೋದು ನನ್ನ ಕೆಲಸ. ಅಮ್ಮನಿಗೆ ಮೊದಲು ಇದನ್ನ ಹೇಳಿ: ಕಾಯಿಲೆ ಆ ಜಾಗದಲ್ಲೇ ಇದ್ದರೆ ಸಾಮಾನ್ಯವಾಗಿ ಮಾಡೋದು ಸುತ್ತಲಿನ ಚೆನ್ನಾಗಿರುವ ಚರ್ಮವನ್ನೂ ಸೇರಿಸಿ ಅಗಲವಾಗಿ ತೆಗೆಯೋದು, ಕಾಲು ತೆಗೆಯೋದಲ್ಲ. ಅಂಚಲ್ಲಿ ಉಳಿದಿದೆ ಅಂದಮೇಲೆ ಇನ್ನೊಂದು ಆಪರೇಷನ್ ಬೇಕೇ ಬೇಕಾಗುತ್ತೆ. ಕೆಲವು ಕಡೆ ಮೋಸ್ ಅಂತ ಒಂದು ವಿಧಾನ ಇದೆ; ಪದರ ಪದರವಾಗಿ ತೆಗೆದು, ಅಂಚು ಪೂರ್ತಿ ಸ್ವಚ್ಛ ಅಂತ ಆಗಲೇ ಮೈಕ್ರೋಸ್ಕೋಪಲ್ಲಿ ನೋಡ್ತಾರೆ.

1963ರಲ್ಲಿ ಮೊದಲು ವರದಿಯಾದ ಕಾಯಿಲೆ ಇದು, ಈಗಲೂ ತೀರಾ ಅಪರೂಪ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಅನ್ನೋ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಅಂತ ತಪ್ಪಾಗಿ ಓದೋದು ಸುಲಭ. ಬೆವರು ನಾಳದಂಥ ಸಣ್ಣ ತೂತುಗಳು ಕಾಣಬೇಕು, ಇಎಂಎ, ಸಿಇಎ ಅನ್ನೋ ಲ್ಯಾಬಿನ ವಿಶೇಷ ಬಣ್ಣ ಹಾಕಿದ್ರೆ ಅವು ಎದ್ದು ಕಾಣ್ತವೆ. ಅದಕ್ಕೇ ಎರಡನೇ ಅಭಿಪ್ರಾಯ ತಗೊಳ್ಳಿ. ಬರೀ ರಿಪೋರ್ಟ್ ಸಾಲದು, ಗಾಜಿನ ಸ್ಲೈಡೂ, ತೆಗೆದ ಚೂರನ್ನ ಹುದುಗಿಸಿಟ್ಟಿರೋ ಮೇಣದ ಬ್ಲಾಕೂ ಬೇಕು ಅಂತ ಲ್ಯಾಬಲ್ಲಿ ಕೇಳಿ, ಕೊಡ್ತಾರೆ. ರಕ್ತನಾಳ, ಲಿಂಫ್ ನಾಳದೊಳಗೆ ಹೊಕ್ಕಿದೆಯಾ, ಕೋಶಗಳು ಎಷ್ಟು ವೇಗವಾಗಿ ಒಡೀತಿವೆ ಅಂತಲೂ ವಿಚಾರಿಸಿ. ಆಳ 7 ಮಿ.ಮೀ. ದಾಟಿದ್ರೆ ಚಿಂತೆ ಜಾಸ್ತಿ, ನಿಮ್ಮದು ಅದರೊಳಗಿದೆ. ಆದ್ರೆ ತಳದಲ್ಲಿ ಉಳಿದಿರೋದ್ರಿಂದ ನಿಜವಾದ ಆಳ ಮುಂದಿನ ಆಪರೇಷನ್ನಲ್ಲೇ ಗೊತ್ತಾಗೋದು.

ತೊಡೆಸಂದು ಮುಟ್ಟಿ ನೋಡಿದ್ರಾ? ಹಿಮ್ಮಡಿಯದ್ದು ಹರಡಿದ್ರೆ ಹೆಚ್ಚಾಗಿ ಮೊದಲು ಸೇರೋದು ಅಲ್ಲಿಯ ಲಿಂಫ್ ಗ್ರಂಥಿಗಳಿಗೆ, ಸುಮಾರು ಐದು ಜನರಲ್ಲಿ ಒಬ್ಬರಿಗೆ ಹಾಗಾಗುತ್ತೆ. ಆಪರೇಷನ್ನಿಗೆ ಮುಂಚೆ ಸ್ಕ್ಯಾನ್ ಆಗಲೇಬೇಕು.

ಘಾಟಿ ಕೆಳಗಿನವರು:
ನಮ್ಮ ಅಪ್ಪಯ್ಯನಿಗೆ ಇದೇ ತಲೆ ಮೇಲೆ ಆಗಿತ್ತು ಮಾರಾಯ್ರೆ. ನಿಮಗೆ ಆಗುಂಬೆ ಇಳಿದು ಮಣಿಪಾಲ ಹತ್ತಿರ, ಇಲ್ಲಾಂದ್ರೆ ಬೆಂಗಳೂರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಬಿಪಿಎಲ್ ಇದ್ರೆ ಆಯುಷ್ಮಾನ್ ಕಾರ್ಡು ಮೊದಲೇ ಮಾಡಿಸಿಟ್ಟುಕೊಳ್ಳಿ. ಕಾಲಿನದ್ದಾದ್ರೆ ತೊಡೆಯ ಚರ್ಮ ತೆಗೆದು ಕೂರಿಸಬಹುದು. ಹಾಗೆ ಕೂರಿಸಿದ್ರೆ ಡಾಕ್ಟರು ಹೇಳೋವರೆಗೂ ಕಾಲೂರೋಕೆ ಬಿಡಬೇಡಿ, ಹಟ ಮಾಡ್ತಾರೆ.

ಕೋಣಂದೂರು ಕಡೆಯವ:
ಅಕ್ಕಾ, ನಿಮ್ಮ ಮಾತು ಅಮ್ಮನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, ಆಮೇಲೆ ಊಟಕ್ಕೆ ಎದ್ದು ಬಂದ್ರು. ಇವತ್ತು ಲ್ಯಾಬಿಗೆ ಹೋಗಿ ಎರಡು ಸ್ಲೈಡು, ಒಂದು ಬ್ಲಾಕು ತಂದೆ. ಬ್ಲಾಕು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೊದಲ ಸಲದ್ದೂ ಹೀಗೇ ಇಟ್ಟಿದ್ರೆ ಆರು ತಿಂಗಳು ಉಳೀತಿತ್ತು. ತೊಡೆಸಂದಿನಲ್ಲಿ ಒಂದು ಗಂಟು ಕೈಗೆ ಸಿಗುತ್ತೆ. ಕಾಲಿನ ಗಾಯಕ್ಕೂ ಹಾಗಾಗಬಹುದಾ?

ಸ್ಲೈಡ್ ನೋಡುವವಳು:
ಆಗಬಹುದು, ಗಾಯ ಸೋಂಕಾದ್ರೂ ಊದುತ್ತೆ. ಊಹೆ ಮೇಲೆ ಬಿಡಬೇಡಿ, ಅಲ್ಟ್ರಾಸೌಂಡ್ ಮಾಡಿ ಸೂಜಿ ಪರೀಕ್ಷೆ ಮಾಡಿಸಿ. ಬ್ಲಾಕನ್ನ ಬಿಸಿಲಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತೆ. ಮಣಿಪಾಲಕ್ಕೆ ಹೋಗೋ ದಿನ ಯಾವುದು ಅಂತ ತಿಳಿಸಿ.

ಕೋಣಂದೂರು ಕಡೆಯವ:
ಸೋಮವಾರ, ಬೆಳಿಗ್ಗೆ ಮೊದಲ ಬಸ್ಸಿಗೆ.