ಪ್ರಶ್ನೋತ್ತರ: ಘಟಕದ ನೀರನ್ನು ಜನರು ನಂಬುತ್ತಿಲ್ಲ

ಸಮಿತಿಯ ಕಾರ್ಯದರ್ಶಿ: ನಮಸ್ಕಾರ ಸರ್. ನಮ್ಮ ಕೊಳವೆಬಾವಿಯಲ್ಲಿ ಫ್ಲೋರೈಡ್ ಲೀಟರಿಗೆ 3 ಮಿಲಿಗ್ರಾಂ ಇದ್ದುದರಿಂದ ಆರು ತಿಂಗಳ ಹಿಂದೆ ಆರ್‌ಒ ಘಟಕ ಆರಂಭಿಸಿದೆವು. ಆದರೂ ಅರ್ಧದಷ್ಟು ಮನೆಯವರು ಕೊಳವೆಬಾವಿಗೇ ಹೋಗುತ್ತಾರೆ. ಕಳೆದ ವಾರ ಘಟಕದ ನಲ್ಲಿಯ ಮಾದರಿಯಲ್ಲಿ ಇ-ಕೊಲೈ (ನೀರಿಗೆ ಮಲ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ) ಕಂಡುಬಂದಿದೆ. ಜನರು ಇನ್ನಷ್ಟು ಹೆದರಬಾರದೆಂದು ಆ ವರದಿಯನ್ನು ಫಲಕಕ್ಕೆ ಹಾಕಲಿಲ್ಲ. ನಂಬಿಕೆ ಮೂಡಿಸಲು ಇನ್ನೇನು ಮಾಡಬಹುದು?

ಸದಸ್ಯ 1: ನಮ್ಮ ಟಿಡಿಎಸ್ ಮೀಟರ್ 90 ತೋರಿಸುತ್ತದೆ. ನೀರು ಸುರಕ್ಷಿತ ತಾನೇ?

ನೀರಿನ ಗುಣಮಟ್ಟದ ಎಂಜಿನಿಯರ್: ಆ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ, ಅದಕ್ಕೆ ರೋಗಾಣು ಕಾಣುವುದಿಲ್ಲ. ಫ್ಲೋರೈಡ್ ಎಷ್ಟಿದೆ ಎಂಬುದನ್ನೂ ಅದು ಹೇಳುವುದಿಲ್ಲ.

ಕಾರ್ಯದರ್ಶಿಯವರೇ, ನಂಬಿಕೆಯ ಮಾತು ಆಮೇಲೆ. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ-ಕೊಲೈ ಕೂಡ ಇರಬಾರದು. ಘಟಕದ ನೀರನ್ನು ಕುದಿಸಿಯೇ ಕುಡಿಯಬೇಕೆಂದು ಮನೆಮನೆಗೆ ತಿಳಿಸಿ. ಟ್ಯಾಂಕ್ ತೊಳೆದು ಕ್ಲೋರಿನ್ ಹಾಕಿ, ಮೂವತ್ತು ನಿಮಿಷದ ನಂತರವೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿದೆಯೇ ಎಂದು ನೋಡಿ. ಮರುಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ, ಸೋಡಿಯಂ ಥಯೋಸಲ್ಫೇಟ್ ಹಾಕಿದ ಬಾಟಲಿಯನ್ನೇ ಬಳಸಿ. ಅದಿಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು ಫಲಿತಾಂಶ ಸುಳ್ಳಾಗಿ ಚೆನ್ನಾಗಿ ಬರುತ್ತದೆ. ಮಾದರಿ ತಂಪಾಗಿರಲಿ, 24 ಗಂಟೆಯೊಳಗೆ ಪರೀಕ್ಷೆಗೆ ಸೇರಲಿ. ಅದನ್ನು ತುಂಬಿಸುವ ಕೆಲಸವನ್ನು ನಿಮ್ಮನ್ನು ಎಲ್ಲರಿಗಿಂತ ಹೆಚ್ಚು ಅನುಮಾನಿಸುವವರಿಗೆ ಒಪ್ಪಿಸಿ.

ಬಾಂಗ್ಲಾದೇಶದಲ್ಲಿ ಕೆರೆ, ಹೊಂಡಗಳ ನೀರಿನ ರೋಗಾಣುಗಳಿಂದ ಜನರನ್ನು ಉಳಿಸಲೆಂದು ಲಕ್ಷಾಂತರ ಕೊಳವೆಬಾವಿಗಳನ್ನು ಹಾಕಿಸಿದರು. ಆರ್ಸೆನಿಕ್ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ. 1993ರಲ್ಲಿ ವಿಷ ಪತ್ತೆಯಾದ ಮೇಲೆ ಬಾವಿಗಳನ್ನು ಪರೀಕ್ಷಿಸಿ, ಮಿತಿ ಮೀರಿದವುಗಳಿಗೆ ಕೆಂಪು, ಉಳಿದವುಗಳಿಗೆ ಹಸಿರು ಬಣ್ಣ ಬಳಿದರು. ತಾವೇ ಹಾಕಿಸಿದ ಬಾವಿಗೆ ಕೆಂಪು ಬಳಿಯುವುದು ಸುಲಭವಲ್ಲ, ಆದರೆ ಅದನ್ನು ನೋಡಿಯೇ ಎಷ್ಟೋ ಮನೆಯವರು ಬೇರೆ ಬಾವಿಗೆ ಹೋದರು. ನೀವು ಕಪಾಟಿನಲ್ಲಿಟ್ಟ ವರದಿ ನಿಮ್ಮ ಕೆಂಪು ಬಣ್ಣ. ಆ ವರದಿಯನ್ನು ಹಾಕಿ, ದುರಸ್ತಿಯ ದಿನಾಂಕವನ್ನು ಅದರ ಕೆಳಗೇ ಬರೆಯಿರಿ.

ಸದಸ್ಯೆ 2: ಘಟಕದಿಂದ ಹೊರಬರುವ ಉಪ್ಪಿನ ನೀರನ್ನು ಎಲ್ಲಿಗೆ ಬಿಡಬೇಕು?

ಸದಸ್ಯ 3: ಫಾರ್ವರ್ಡ್ ಆಗಿ ಬಂದದ್ದು: "ಕೊಳವೆಬಾವಿಯ ನೀರನ್ನು ಹತ್ತು ನಿಮಿಷ ಕುದಿಸಿದರೆ ಫ್ಲೋರೈಡ್ ಆವಿಯಾಗಿ ಹೋಗುತ್ತದೆ, ಘಟಕವೇ ಬೇಡ."

ಎಂಜಿನಿಯರ್: ಇದು ಈ ಗುಂಪಿಗೆ ನಾಲ್ಕನೆಯ ಸಲ ಬರುತ್ತಿದೆ. ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಅರ್ಧ ನೀರು ಹಿಂಗಿದರೆ ನಿಮ್ಮ 3 ಮಿಲಿಗ್ರಾಂ ಸುಮಾರು 6 ಆಗುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ 1.5. ದಯವಿಟ್ಟು ಅಳಿಸಿ.

ಸದಸ್ಯ 3: ಈಗಷ್ಟೇ ತಾವೇ ಕುದಿಸಿ ಎಂದಿರಲ್ಲ?

ಎಂಜಿನಿಯರ್: ಘಟಕದ ನೀರನ್ನು, ರೋಗಾಣುವಿಗಾಗಿ. ಮೇಲಿನದನ್ನು ಪೂರ್ತಿ ಓದಿ.

ಸದಸ್ಯ 4: ಟ್ಯಾಂಕಿನ ಮುಚ್ಚಳ ಮೂರು ತಿಂಗಳಿಂದ ಒಡೆದಿದೆ. ನಿರ್ವಾಹಕರು ಒಮ್ಮೆಯಾದರೂ ಮೇಲೆ ಹತ್ತಿ ನೋಡಿದ್ದಾರೆಯೇ?

ಘಟಕದ ನಿರ್ವಾಹಕ: ಎರಡು ಸಲ ಬರೆದು ಕೊಟ್ಟಿದ್ದೇನೆ. ಹೊಸ ಮುಚ್ಚಳ ತರಿಸಬೇಕಾದವರು ಸಮಿತಿಯವರು.

ಸಮಿತಿಯ ಕಾರ್ಯದರ್ಶಿ: ಬರೆದು ಕೊಟ್ಟ ಪತ್ರ ನಮಗೆ ತಲುಪಿಲ್ಲ.

ಘಟಕದ ನಿರ್ವಾಹಕ: ತಲುಪಿದ ವರದಿಯನ್ನೇ ಬಚ್ಚಿಟ್ಟವರು ಪತ್ರ ತಲುಪಿತೆಂದು ಒಪ್ಪುತ್ತೀರಾ?

ಸದಸ್ಯ 4: ಇಬ್ಬರೂ ಸೇರಿ ನಮ್ಮ ಮಕ್ಕಳಿಗೆ ಆ ನೀರನ್ನು ಕುಡಿಸಿದ್ದೀರಿ.

ಸದಸ್ಯ 5: ಟಿಡಿಎಸ್ 110 ಇದ್ದರೆ ಕುಡಿಯಬಹುದೇ?

ಎಂಜಿನಿಯರ್: ಉತ್ತರ ಮೇಲಿದೆ.

ಮುಚ್ಚಳದ ಜಗಳವನ್ನು ಬೇರೆಡೆ ಮುಗಿಸಿಕೊಳ್ಳಿ. ಕಾರ್ಯದರ್ಶಿಯವರೇ, ಕುದಿಸಿ ಕುಡಿಯಬೇಕೆಂದು ಇದುವರೆಗೆ ಎಷ್ಟು ಮನೆಗಳಿಗೆ ತಿಳಿಸಿದ್ದೀರಿ?

ಸಮಿತಿಯ ಕಾರ್ಯದರ್ಶಿ: ಸಂಜೆ ಸಭೆ ಕರೆದಿದ್ದೇವೆ. ಅಲ್ಲಿ ತೀರ್ಮಾನಿಸಿ ತಿಳಿಸುತ್ತೇವೆ.

ಎಂಜಿನಿಯರ್: ಇದಕ್ಕೆ ತೀರ್ಮಾನ ಬೇಕಿಲ್ಲ. ಈಗಲೇ ತಿಳಿಸಿ.

ಸದಸ್ಯೆ 2: ಉಪ್ಪಿನ ನೀರಿನ ಬಗ್ಗೆ ಕೇಳಿದ್ದೆ.