ಸಮಸ್ಯೆ: ಪಾಲಿಲ್ಲದವರ ಪಾಲೇ ಹಿರಿದು

ಪೃಚ್ಛಕ: ಈ ವಾರ ವಸ್ತು ಬೈಬಲಿನಲ್ಲಿ ಬರೋ ಇಸ್ರಾಯೇಲಿನ 12 ಕುಲಗಳು, ಯಾಕೋಬನ ಸಂತತಿ. ನಾಲ್ಕು ಮಾತ್ರೆಯ ಗಣ ನಾಲ್ಕು, ಆದಿಪ್ರಾಸ ಬೇಕೇ ಬೇಕು. ಕೊನೇ ಸಾಲು ಮೇಲಿನದು.

ಮೇಷ್ಟ್ರು: ದೇವರ ಸೇವೆಗೆ ಮೀಸಲಾಗಿ ನೆಲದ ಪಾಲು ಸಿಗದ ಲೇವಿ ಕುಲ ಬಿಟ್ಟು ಬೇರೆ ಯಾರು ನೆನಪಾಗ್ತಾರೆ?

ಶೀಲೋವಿನಲ್ಲಿ ಚೀಟನು ಹಾಕಿ
ಸಾಲಾಗಿ ಕುಲಕೆ ನೆಲವನು ಹಂಚೆ
ಮೇಲಿನ ದೊರೆಯೇ ಲೇವಿಗೆ ಸಿಕ್ಕ
ಪಾಲಿಲ್ಲದವರ ಪಾಲೇ ಹಿರಿದು

ಪೃಚ್ಛಕ: ಭಲೇ ಮೇಷ್ಟ್ರೇ! ಒಂದೇ ತಕರಾರು. ಶೀಲೋ ಊರಲ್ಲಿ ಚೀಟು ಬಿದ್ದದ್ದು ಉಳಿದಿದ್ದ 7 ಕುಲಗಳಿಗೆ ಮಾತ್ರ.

ಮೇಷ್ಟ್ರು: ಒಪ್ಪಿದೆ. ಆದರೆ ಲೇವಿಯರಿಗೆ 48 ಊರು, ಸುತ್ತ ದನ ಮೇಯೋಕೆ ಜಾಗ, ಅಷ್ಟೇ. ಊಟಕ್ಕೆ ಬೇರೆಯವರು ದೇವರಿಗೆ ಕೊಡೋ ದಶಮಾಂಶ, ಅಂದ್ರೆ ಹತ್ತರಲ್ಲೊಂದು ಪಾಲು. ಪಕ್ಕದ ಕುಲದವರು ದೇವರನ್ನು ಮರೆತರೆ ಇವರ ಒಲೆಯೂ ಆರುತ್ತೆ. ನಂಬಿಕೆ ಅಂದ್ರೆ ಸುಮ್ನೆ ಅಲ್ಲ.

ಹೊಸಬ: ನನ್ನದೊಂದು. ಯಾಕೋಬ ಕೈ ಅಡ್ಡ ಮಾಡಿ ಕಿರಿಯ ಮೊಮ್ಮಗನನ್ನು ಹರಸಿದ್ದು. ತಪ್ಪಿದ್ದರೆ ತಿದ್ದಿ.

ತೋಳಡ್ಡಮಾಡಿ ತಾತನು ಕುರುಡ
ಬಾಲನ ತಲೆಗೇ ಬಲಗೈ ಇಟ್ಟ
ಸಾಲಲಿ ಕಿರಿಯವನೆಫ್ರಾಯೀಮ
ಪಾಲಿಲ್ಲದವರ ಪಾಲೇ ಹಿರಿದು

ಮೇಷ್ಟ್ರು: ಮಾತ್ರೆ ಸರಿ. ಪ್ರಾಸ ಜಾರಿತಪ್ಪ, ಳಕಾರ ಲಕಾರ ಒಂದೇ ಅಲ್ಲ. ಮೊದಲ ಸಾಲು ಹೀಗಿರಲಿ: "ಆಲಿಯ ಮಬ್ಬಿನ ತಾತನು ಅಂದು". ಕಣ್ಣಾಲಿ ಇದೆಯಲ್ಲ, ಆ ಆಲಿ. ಪೂರ್ತಿ ಕುರುಡನೂ ಅಲ್ಲ, ವಯಸ್ಸಿಗೆ ದೃಷ್ಟಿ ಮಂಜಾಗಿತ್ತು.

ಪೃಚ್ಛಕ: ಎಫ್ರಾಯೀಮನಿಗೆ ಪಾಲು ಸಿಕ್ಕಿತಲ್ಲ, ಪಾಲಿಲ್ಲದವನು ಹೇಗೆ?

ಹೊಸಬ: ಮೊಮ್ಮಗ ಸಾರ್. ತಾತ ತನ್ನ ಮಕ್ಕಳ ಸಾಲಿಗೇ ಸೇರಿಸಿಕೊಂಡ ಮೇಲೆ ತಾನೇ ಪಾಲು ಬಂದದ್ದು? ಲೇವಿಯನ್ನು ಬಿಟ್ಟರೂ ನೆಲದ ಲೆಕ್ಕ 12 ಆಗೋದು ಅಪ್ಪ ಯೋಸೇಫನ ಬದಲು ಎಫ್ರಾಯೀಮ್, ಅವನಣ್ಣ ಮನಸ್ಸೆ ಇಬ್ಬರೂ ಬಂದಿದ್ದಕ್ಕೇ.

ಮೇಷ್ಟ್ರು: ಹುಡುಗ ಗೆದ್ದ.

ಅಕ್ಕ: ಬರೀ ಗಂಡಸರೇ ಆಯ್ತಲ್ಲ! ಮನಸ್ಸೆ ಕುಲದ ಐವರು ಅಕ್ಕತಂಗಿಯರು ಯಾರಿಗೂ ನೆನಪಾಗಲಿಲ್ವಾ? ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ.

ಕಾಲೂರಿ ನಿಂತರೈದೂ ಮಕ್ಕಳು
ಸೋಲದೆ ತಂದೆಯ ಹೆಸರಲಿ ಕೇಳಿ
ಮೇಲಿಂದ ಬಂತು ಹೌದೆನುವುತ್ತರ
ಪಾಲಿಲ್ಲದವರ ಪಾಲೇ ಹಿರಿದು

ಅಪ್ಪ ಅಡವಿಯಲ್ಲಿ ತೀರಿಕೊಂಡ, ಗಂಡುಮಕ್ಕಳಿಲ್ಲ. ದೇವದರ್ಶನದ ಗುಡಾರದ ಬಾಗಿಲಲ್ಲಿ, ಜನರ ಮುಂದಾಳು ಮೋಶೆ, ಯಾಜಕ, ಮುಖಂಡರು, ಇಡೀ ಜನದ ಎದುರು ನಿಂತು ಪಾಲು ಕೇಳಿದರು. ಆಗಿನ್ನೂ ಯೊರ್ದನ್ ಹೊಳೆ ದಾಟಿರಲಿಲ್ಲ ನೋಡಿ! ದೇವರು ಮಾತು ಕೊಟ್ಟಿದ್ದ ಕಾನಾನ್ ನಾಡಿನ ಒಂದು ಹಿಡಿ ಮಣ್ಣೂ ಕೈಗೆ ಬಂದಿರಲಿಲ್ಲ. ಸಿಗೋದು ಗ್ಯಾರಂಟಿ ಅಂತ ನಂಬಿದವರು ತಾನೇ ಹಾಗೆ ಕೇಳೋದು?

ಪೃಚ್ಛಕ: ಅಕ್ಕಾ, ಕೈ ಮುಗಿದೆ. ಆಮೇಲೆ ಒಂದು ಕಟ್ಟಳೆ ಬಂತಲ್ವಾ, ತಮ್ಮ ಕುಲದೊಳಗೇ ಮದುವೆ ಆಗಬೇಕು ಅಂತ?

ಅಕ್ಕ: ಬಂತು. ನೆಲ ಬೇರೆ ಕುಲಕ್ಕೆ ಹೋಗಬಾರದಂತೆ. ಅದಕ್ಕೆ ಇನ್ನೊಂದು ಪದ್ಯ ಬೇಕು, ಇವತ್ತು ಬೇಡ.

ಪೃಚ್ಛಕ: ಹಾಗಾದ್ರೆ ಮುಂದಿನ ವಾರಕ್ಕೆ: "ಹತ್ತಕ್ಕಿಂತಲು ಎರಡೇ ಹೆಚ್ಚು". ಸುಳಿವು: ಒಂದೇ ದ್ರಾಕ್ಷಿಗೊನೆ, ಹೊರೋಕೆ ಇಬ್ಬರು. ಹೊಸಬ, ತ್ತಕಾರದ ಪ್ರಾಸ, ಹುಷಾರು.